ಮಲಪ್ರಭೆಯ ತವರಿನಲ್ಲಿ ಬಿಡಾರ

ಕಿತ್ತೂರಿನಿಂದ ಪಡುವಣಕ್ಕೆ ಸುಮಾರು ಎರಡು ತಾಸಿನ ಹಾದಿ. ಅಷ್ಟರಲ್ಲೇ ನಮ್ಮ ನೆಲ ಕಣ್ಣೆದುರು ಬೇರೆ ಲೋಕವಾಗಿಬಿಡುತ್ತದೆ! ಬೀಡಿ ದಾಟುವ ಹೊತ್ತಿಗೆ ಎರೆ ಮಣ್ಣು ಹಿಂದುಳಿದು ಕೆಂಪು ನೆಲ ಬರುತ್ತದೆ. ಜೋಳ, ಕಡಲೆ ಕಂಡ ಕಣ್ಣಿಗೆ ಈಗ ಭತ್ತದ ಗದ್ದೆ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ, ಆಮೇಲೆ ಖಾನಾಪುರ. ಅಲ್ಲಿಂದ ಹೆಮ್ಮಡಗಾ ರಸ್ತೆ ಹಿಡಿದರೆ ಎರಡೂ ಬದಿಯ ಮರಗಳು ತಲೆಯ ಮೇಲೆ ಕೂಡಿಕೊಳ್ಳುತ್ತವೆ. ಮೊಬೈಲಿನ ಸಿಗ್ನಲ್ ಒಂದೊಂದೇ ಕಡ್ಡಿ ಕಳೆದುಕೊಳ್ಳುತ್ತದೆ. ಕಾಡಿನ ಅಂಚಿನಲ್ಲಿ ಜಂಗಲ್ ಲಾಡ್ಜಸ್‌ನವರ ಪುಟ್ಟ ಭೀಮಗಡ ಕ್ಯಾಂಪು.

ಸಫಾರಿ ಎಂದರೆ ಟಿ.ವಿ.ಯಲ್ಲಿ ಕಂಡ ಆಫ್ರಿಕಾ, ಬಹಳವಾದರೆ ಕಬಿನಿ, ಬಂಡೀಪುರ. ನಮ್ಮಲ್ಲಿ ಎಷ್ಟೋ ಜನರಿಗೆ ಅಷ್ಟೇ ಗೊತ್ತು. ನಮ್ಮದೇ ಬೆಳಗಾವಿ ಜಿಲ್ಲೆಯಲ್ಲಿ 190 ಚದರ ಕಿ.ಮೀ.ನ ಭೀಮಗಡ ಅಭಯಾರಣ್ಯವಿದೆ, 2011ರ ಡಿಸೆಂಬರ್‌ನಲ್ಲಿ ಅದರ ಘೋಷಣೆಯಾಗಿದೆ, ಅದರೊಳಗೆ ಹುಲಿ, ಕರಡಿ, ಸೀಳುನಾಯಿಗಳಿವೆ!

ಬೆಳಗಿನ ಮಬ್ಬಿನಲ್ಲೇ ಎಬ್ಬಿಸಿದರು. ನಮ್ಮ ಜೊತೆ ಬಂದ ಮಾರ್ಗದರ್ಶಿ ಅಲ್ಲಿಯ ಹಳ್ಳಿಯವನೇ. ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಅಚ್ಚ ಬೆಳಗಾವಿ ಕನ್ನಡ. "ಮೊದಲ ಕಿವಿ ಕೊಡ್ರಿ ಸರ್, ಕಣ್ಣು ಆಮ್ಯಾಲ" ಅಂದ. ಉಸಿರು ಹಿಡಿದು ನಿಂತೆವು. ಮರಗಳಾಚೆ ಎಲ್ಲೋ ದೊಡ್ಡ ಮೊರ ಬೀಸಿದಂಥ ಸದ್ದು, ಹತ್ತಿರ, ಇನ್ನೂ ಹತ್ತಿರ. ಮಂಗಟ್ಟೆ ಹಕ್ಕಿ! ರೆಕ್ಕೆಯ ಆ ಸದ್ದಿಗೇ ಎದೆ ನಡುಗಿತು. ಹಳದಿ ಕೊಕ್ಕಿನ ಮೇಲೆ ಹಳದಿ ಶಿರಸ್ತ್ರಾಣ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆ ಹೊಕ್ಕು, ಅದರ ಬಾಯಿ ಮೆತ್ತಿ ಮುಚ್ಚಿಕೊಂಡು, ಒಂದು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ಗಂಡು ತಿಂಗಳುಗಟ್ಟಲೆ ಹಣ್ಣು ತಂದು ಆ ಸೀಳಿನಿಂದಲೇ ಉಣಿಸುತ್ತದೆ. ಹಳೆಯ ದೊಡ್ಡ ಮರ ಉರುಳಿದರೆ ಅದರೊಂದಿಗೆ ಇವುಗಳ ಸಂಸಾರವೂ ಹೋಯಿತು. ಕೆಂದಳಿಲು ಕಂಡಿತು, ತಿರುವಿನಲ್ಲಿ ಕಾಡುಕೋಣಗಳೂ ಕಂಡವು. "ಗವಾ, ಗವಾ" ಎಂದು ಮಾರ್ಗದರ್ಶಿ ಪಿಸುಗುಟ್ಟಿದಾಗ ಜೀಪಿನಲ್ಲಿ ಯಾರೂ ಅಲುಗಲಿಲ್ಲ.

ಆದರೆ ನನ್ನನ್ನು ಬೆರಗಾಗಿಸಿದ್ದು ಕಣ್ಣಿಗೆ ಬೀಳದ ಒಂದು ಜೀವಿ. ಈ ಅಭಯಾರಣ್ಯದ ತಳೇವಾಡಿ ಹಳ್ಳಿಯ ಹತ್ತಿರ ಬಾರಾಪೇಡೆ ಗುಹೆಗಳಿವೆ. ಅಲ್ಲಿ ಸಿಕ್ಕ ಬಾವಲಿಯೊಂದನ್ನು ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಹೊಸ ಜಾತಿಯೆಂದು ಗುರುತಿಸಿ, ಅರಣ್ಯಾಧಿಕಾರಿ ರಾಟನ್‌ರ ಹೆಸರಿಟ್ಟರು. ಮುಖದ ಮೇಲೆ ಮುಂದಕ್ಕೆ ಬಾಗಿದ ದೊಡ್ಡ ಕಿವಿ, ಪೊರೆಯಿಂದ ಹೊರಗೆ ಚಾಚಿದ ಬಾಲ. ಆಮೇಲೆ ದಶಕಗಳವರೆಗೆ ಇಡೀ ಭೂಮಿಯ ಮೇಲೆ ಅದಕ್ಕಿದ್ದ ವಿಳಾಸ ಇದೊಂದೇ, ನಮ್ಮ ಖಾನಾಪುರ ತಾಲೂಕು! ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಕಂಡದ್ದು ಎಷ್ಟೋ ಆಮೇಲೆ. ಇದರ ಬಂಧುವೊಂದು ಇರುವುದು ಆಫ್ರಿಕಾದಲ್ಲಿ, ಕೀನ್ಯಾದ ಸುಸ್ವಾ ಬೆಟ್ಟದ ಲಾವಾ ಗುಹೆಗಳಲ್ಲಿ. ಸಫಾರಿಗೆಂದು ಜನ ಸಮುದ್ರ ದಾಟಿ ಹೋಗುವ ನಾಡಿಗೂ ನಮ್ಮ ಕಾಡಿಗೂ ಎಂಥ ನಂಟು! ಗುಹೆಗೆ ನಾವು ಹೋಗಲಿಲ್ಲ. ಹೋಗಲೂಬಾರದು, ಜನರ ಗದ್ದಲ ಬಾವಲಿಗಳಿಗೆ ತಡೆಯದು.

ಹಿಂತಿರುಗುವ ಮೊದಲು ಕಣಕುಂಬಿಗೆ ಹೋದೆವು. ಮಾವುಲಿ ಗುಡಿಯ ಹತ್ತಿರ ಮಲಪ್ರಭೆ ಹುಟ್ಟುವ ಜಾಗ. ಇಷ್ಟೇ ಇಷ್ಟು ನೀರು! ಇದೇ ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿ ಮುಟ್ಟಿ, ಸವದತ್ತಿಯ ನವಿಲುತೀರ್ಥದಲ್ಲಿ ರೇಣುಕಾ ಸಾಗರವಾಗಿ, ರಾಮದುರ್ಗದ ಮಗ್ಗುಲಲ್ಲಿ ಹರಿದು, ಸುಮಾರು 300 ಕಿ.ಮೀ. ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವುದು. ಅತ್ತ ಭೀಮಗಡದ ಕಾಡಿನಲ್ಲಿ ಹುಟ್ಟಿದ ಮಹದಾಯಿ ಮಾತ್ರ ಬೆನ್ನು ತಿರುಗಿಸಿ ಪಡುವಣಕ್ಕೆ ಇಳಿಯುತ್ತದೆ, ಗೋವೆಯಲ್ಲಿ ಮಾಂಡೋವಿಯಾಗಿ ಅರಬ್ಬಿ ಸಮುದ್ರ ಸೇರುತ್ತದೆ. ಕಳಸಾ, ಬಂಡೂರಿ ಎಂದು ನಮ್ಮ ರೈತರು ನೀರಿಗಾಗಿ ವರ್ಷಗಟ್ಟಲೆ ಕೂಗಿದ ಹಳ್ಳಗಳೂ ಈ ಸೀಮೆಯವೇ. ಮುಂಗಾರಿನ ಮಳೆಯನ್ನು ಈ ಬೆಟ್ಟದ ಕಾಡು ಬೇರು-ತರಗೆಲೆಗಳಲ್ಲಿ ಹಿಡಿದಿಟ್ಟು ತಿಂಗಳುಗಟ್ಟಲೆ ಒಸರಿಸುತ್ತದೆ. ನಾವು ಕುಡಿಯುವ ನೀರಿಗೆ ತವರು ಎಂಬುದೊಂದಿದ್ದರೆ ಅದು ಈ ಮರಗಳ ನೆರಳು.

ಮಳೆಗಾಲ ಮುಗಿದ ಮೇಲೆ ಹೊರಡಿ, ಕೊಠಡಿ ಮೊದಲೇ ಕಾಯ್ದಿರಿಸಿ, ಪ್ಲಾಸ್ಟಿಕ್ ಮನೆಯಲ್ಲೇ ಬಿಡಿ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಮಾಸ್ತರರೇ, ಅಕ್ಕೋರೇ, ಈ ವರ್ಷ ಶಾಲೆಯ ಪ್ರವಾಸದ ಬಸ್ಸು ಖಾನಾಪುರದ ಕಡೆಗೆ ತಿರುಗಲಿ.