ಸಂದರ್ಶನಕ್ಕೆ ಹೊರಡುವ ಮುನ್ನ

ನಮ್ಮ ವಿದ್ಯಾರ್ಥಿವೇತನದ ನೆರವಿನಿಂದ ಡಿಪ್ಲೊಮಾ, ಬಿ.ಕಾಂ. ಮುಗಿಸಿದ ಮಕ್ಕಳು ಒಳ್ಳೆಯ ಅಂಕ ಪಡೆದೂ ಸಂದರ್ಶನದಲ್ಲಿ ತಡವರಿಸುವುದು ಹೆಚ್ಚಾಗಿ ಮೊದಲ ಪ್ರಶ್ನೆಗೇ: "ನಿಮ್ಮ ಬಗ್ಗೆ ಹೇಳಿ." ಹೆಸರು, ಊರು, ಅಂಕ ಹೇಳಿ ಸುಮ್ಮನಾಗುತ್ತಾರೆ. ಅವೆಲ್ಲ ಬಯೋಡೇಟಾದಲ್ಲೇ ಇವೆ. ಕಾಲೇಜಿನಿಂದ ಬಂದು ಸಂಜೆ ತಂದೆಯ ಕಿರಾಣಿ ಅಂಗಡಿಯಲ್ಲಿ ಕೂತದ್ದನ್ನು ಮಾತ್ರ ನಾಚಿಕೆಯಿಂದ ಮುಚ್ಚಿಡುತ್ತಾರೆ. ಲೆಕ್ಕಪತ್ರದ ಕೆಲಸಕ್ಕೆ ಹೋದವರು "ಸಾಲದ ಪುಸ್ತಕ ಬರೆಯುತ್ತಿದ್ದೆ, ರಾತ್ರಿ ಗಲ್ಲಾದ ಹಣಕ್ಕೂ ಬಿಲ್ಲಿಗೂ ತಾಳೆ ನೋಡುತ್ತಿದ್ದೆ" ಎಂದರೆ ಅದೇ ಅನುಭವ. ಇಂಗ್ಲಿಷ್ ಸರಳವಾಗಿದ್ದರೆ ಸಾಕು. ಬಾಯಿಪಾಠದ ಉತ್ತರ ಮರುಪ್ರಶ್ನೆ ಬಂದೊಡನೆ ಕೈಕೊಡುತ್ತದೆ. ಎರಡು ನಿಮಿಷದ ಈ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಲಿ. ಕೇಳಲು ತಾಯಿ, ಅಕ್ಕ ಯಾರಾದರೂ ಸರಿ.

ಪೋಷಕರಲ್ಲಿ ಇನ್ನೊಂದು ವಿನಂತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಮೊಹಮ್ಮದ್', ಆಧಾರ್‌ನಲ್ಲಿ 'ಎಂ.ಡಿ.', ಪ್ಯಾನ್‌ನಲ್ಲಿ ಮತ್ತೊಂದು ಕಾಗುಣಿತ ಇದ್ದರೆ, ಆಯ್ಕೆಯಾದ ಮೇಲೂ ದಾಖಲೆ ಪರಿಶೀಲನೆಯಲ್ಲಿ ತೊಡಕಾಗುತ್ತದೆ. ಅಂಕಪಟ್ಟಿಯಲ್ಲಿರುವಂತೆಯೇ ಉಳಿದೆರಡನ್ನೂ ಈಗಲೇ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ 2 ಬಾರಿ ಮಾತ್ರ ಅವಕಾಶ. ಆದ್ದರಿಂದ ಅಕ್ಷರ ಅಕ್ಷರ ನೋಡಿ ಬರೆಸಿ. ಈ ವರ್ಷದ ಅರ್ಜಿಯ ಜೊತೆ ಮೂರರ ಪ್ರತಿಯನ್ನೂ ಲಗತ್ತಿಸಿದರೆ ನಾವೂ ತಾಳೆ ನೋಡಿ ತಿಳಿಸುತ್ತೇವೆ.