ಟೈರಿನ ಮೈಮೇಲಿನ ಲೆಕ್ಕ

ಪರೀಕ್ಷೆ ಮುಗಿಯಿತು, ಲೈಸೆನ್ಸ್ ಕೈಗೆ ಬಂತು, ಮನೆಯ ಮೋಟಾರ್ ಬೈಕಿನ ಕೀಲಿಕೈ ಮಗನ ಜೇಬು ಸೇರಿತು. ಆಮೇಲೆ ಬರುವ ಬೇಡಿಕೆ ಬಹಳ ಮನೆಗಳಲ್ಲಿ ಒಂದೇ: ‘ಅಪ್ಪಾ, ಹಿಂದಿನ ಚಕ್ರಕ್ಕೆ ದಪ್ಪ ಟೈರು ಹಾಕಿಸೋಣ.’ ಬೆಲೆ ಎಷ್ಟು ಎಂದು ಅಪ್ಪ ಕೇಳುತ್ತಾರೆ. ಜಾರುವುದಿಲ್ಲ ತಾನೇ ಎಂದು ಅಮ್ಮ ಕೇಳುತ್ತಾರೆ. ಅಳತೆ ಎಷ್ಟು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಉತ್ತರ ಟೈರಿನ ಪಕ್ಕದಲ್ಲೇ ಉಬ್ಬಕ್ಷರದಲ್ಲಿ ಅಚ್ಚಾಗಿರುತ್ತದೆ. ಅದನ್ನು ಬಿಡಿಸಲು ಶಾಲೆಯ ಶೇಕಡಾ ಲೆಕ್ಕವೊಂದು ಸಾಕು.

ಮೂರು ಸಂಖ್ಯೆ, ಒಂದು ಚಕ್ರ

2021ರಲ್ಲಿ ಹೊಸ ರೂಪದಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕನ್ನೇ ನೋಡಿ. ಅದರ ಮುಂದಿನ ಟೈರು 100/90-19, ಹಿಂದಿನದು 120/80-18. ಹಿಂದಿನದನ್ನು ಓದುವುದು ಹೀಗೆ: 120 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಕೊನೆಯ 18 ಎಂದರೆ ಟೈರು ಕೂರುವ ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಡುವಿನ 80 ಮಿಲಿಮೀಟರೂ ಅಲ್ಲ, ಇಂಚೂ ಅಲ್ಲ, ಅದು ಶೇಕಡಾವಾರು. ರಿಮ್ಮಿನಿಂದ ಮೇಲಕ್ಕೆ ಟೈರಿನ ಎತ್ತರ ಅದರ ಅಗಲದ ಶೇಕಡಾ 80ರಷ್ಟು, ಅಂದರೆ 96 ಮಿ.ಮೀ.

ಇನ್ನು ಕೂಡುವುದಷ್ಟೇ. 18 ಇಂಚೆಂದರೆ 457.2 ಮಿ.ಮೀ. ಟೈರು ರಿಮ್ಮಿನ ಮೇಲೂ ಕೆಳಗೂ ಇರುವುದರಿಂದ 96ರ ಎರಡರಷ್ಟು, ಅಂದರೆ 192 ಸೇರಿಸಬೇಕು. ಚಕ್ರದ ಒಟ್ಟು ವ್ಯಾಸ 649.2 ಮಿ.ಮೀ. ಇದೇ ರೀತಿ ಮುಂದಿನ ಚಕ್ರದ್ದು 662.6 ಮಿ.ಮೀ. ನೋಡಲು ದಪ್ಪಗಿರುವ ಹಿಂದಿನ ಚಕ್ರವೇ ನಿಜಕ್ಕೂ 13 ಮಿ.ಮೀ. ಗಿಡ್ಡ! ಒಂದು ಕಿಲೋಮೀಟರ್ ಸಾಗುವಾಗ ಮುಂದಿನದು ಸುಮಾರು 480 ಸುತ್ತು ಹಾಕಿದರೆ ಹಿಂದಿನದು 490 ಸುತ್ತು ಹಾಕಬೇಕು. ತಯಾರಕರಿಂದ ತಯಾರಕರಿಗೆ ಕೆಲವು ಮಿ.ಮೀ. ವ್ಯತ್ಯಾಸವಿರಬಹುದು, ಲೆಕ್ಕದ ದಾರಿ ಇದೇ.

ಹಳೆಯ ಕ್ರಮದಲ್ಲಿ 2.75-18 ಎಂದು ಎರಡೇ ಸಂಖ್ಯೆ ಇರುತ್ತವೆ. ಎರಡೂ ಇಂಚುಗಳೇ. ಅಲ್ಲಿ ಟೈರಿನ ಎತ್ತರ ಹೆಚ್ಚುಕಡಿಮೆ ಅಗಲದಷ್ಟೇ ಎಂದು ಹಿಡಿಯಬೇಕು.

ಹಿಂದೊಂದು, ಮುಂದೊಂದು ಏಕೆ?

ಹಳೆಯ ಬಜಾಜ್ ಚೇತಕ್ ಸ್ಕೂಟರ್ ಓಡಿಸಿದ ಅಪ್ಪಂದಿರಿಗೆ ಈ ತಾಪತ್ರಯ ಇರಲಿಲ್ಲ. ಎರಡು ಚಕ್ರವೂ 3.50-10, ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತಿತ್ತು. ಬೈಕುಗಳಲ್ಲಿ ಸಾಮಾನ್ಯವಾಗಿ ಎರಡು ಚಕ್ರಗಳ ಕೆಲಸವನ್ನು ಬೇರೆಬೇರೆಯಾಗಿಯೇ ಲೆಕ್ಕ ಹಾಕಿರುತ್ತಾರೆ. ಮುಂದಿನದು ತಿರುಗಬೇಕು, ಗುಂಡಿಗಳನ್ನು ಮೊದಲು ಎದುರಿಸಬೇಕು. ಅದು ಕಿರಿದಾಗಿದ್ದರೆ ಹ್ಯಾಂಡಲ್ ಹಗುರ, ದೊಡ್ಡದಾಗಿದ್ದರೆ ಗುಂಡಿ ದಾಟುವುದು ಸುಲಭ. ಹಿಂದಿನದು ಎಂಜಿನ್ನಿನ ಎಳೆತವನ್ನೂ ಹಿಂಬದಿ ಸವಾರನ ಭಾರವನ್ನೂ ಹೊರಬೇಕು. ಅದಕ್ಕೇ ಅದು ಅಗಲ.

ಟ್ರ್ಯಾಕ್ಟರಿನಲ್ಲಿ ಇದು ಇನ್ನೂ ಸ್ಪಷ್ಟ. ಮುಂದೆ 6.00-16, ಹಿಂದೆ 13.6-28 ಅಳತೆಯ ಟೈರುಗಳು ರೈತರ ಮನೆಯ ಮಕ್ಕಳಿಗೆ ಪರಿಚಿತವೇ. ಅಲ್ಲಿ ಮುಂದಿನ ಚಕ್ರ ಸುಮ್ಮನೆ ಉರುಳುತ್ತದೆ. ನಾಲ್ಕೂ ಚಕ್ರ ಎಳೆಯುವ ಟ್ರ್ಯಾಕ್ಟರಿನಲ್ಲಾದರೆ ಹಿಂದು–ಮುಂದುಗಳು ಗೇರಿನಿಂದ ಬೆಸೆದುಕೊಂಡಿರುತ್ತವೆ. ಎರಡು ಟೈರುಗಳ ಪ್ರಮಾಣ ನೋಡಿಯೇ ಗೇರು ಮಾಡಿರುತ್ತಾರೆ. ಒಂದು ಜೊತೆಯ ಅಳತೆಯನ್ನು ಮಾತ್ರ ಬದಲಿಸಿದರೆ ಒಂದು ಎಳೆಯುತ್ತದೆ, ಇನ್ನೊಂದು ತಡೆಯುತ್ತದೆ. ಟೈರೂ ಸವೆಯುತ್ತದೆ, ಗೇರೂ ನರಳುತ್ತದೆ.

ದಪ್ಪ ಮಾಡಿದರೆ ಏನಾಗುತ್ತದೆ?

ಮತ್ತೆ ಬೈಕಿಗೆ ಬರೋಣ. 120/80-18ರ ಜಾಗಕ್ಕೆ 130/80-18 ಬಂತೆನ್ನಿ. ಅಗಲ ಹೆಚ್ಚಿದ್ದು ಬರೀ 10 ಮಿ.ಮೀ. ಆದರೆ ವ್ಯಾಸ 665.2ಕ್ಕೆ, ಅಂದರೆ 16 ಮಿ.ಮೀ. ಏರಿತು. 140/70-18 ಹಾಕಿದರೆ ಅಗಲ 20 ಮಿ.ಮೀ. ಹೆಚ್ಚಾದರೂ ವ್ಯಾಸ ಏರುವುದು 4 ಮಿ.ಮೀ. ಮಾತ್ರ. ಮೊದಲ ಸಂಖ್ಯೆಯನ್ನಷ್ಟೇ ನೋಡಿ ಕೊಳ್ಳುವವರು ಎಡವುವುದು ಇಲ್ಲೇ.

ವ್ಯಾಸ ಏರಿದರೆ ಟೈರು ಮಡ್‌ಗಾರ್ಡಿಗೆ ಹತ್ತಿರವಾಗುತ್ತದೆ. ವೇಗವನ್ನು ಹಿಂದಿನ ಚಕ್ರದಿಂದ ಅಳೆಯುವ ಬೈಕುಗಳಲ್ಲಿ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸತೊಡಗುತ್ತದೆ. ಎಬಿಎಸ್ ಬ್ರೇಕ್ ವ್ಯವಸ್ಥೆಯೂ ಚಕ್ರಗಳ ಸುತ್ತುವಿಕೆಯನ್ನು ನೋಡಿಯೇ ಕೆಲಸ ಮಾಡುವುದು. ಅಳತೆ ತೀರಾ ಬದಲಾದರೆ ಅದರ ಲೆಕ್ಕವೂ ತಪ್ಪಬಹುದು.

ಅಗಲ ಏರಿದರೆ ಬೇರೆ ತೊಂದರೆ. ಟೈರು ಚೈನಿಗೆ ತಾಗಬಹುದು. ಅದಕ್ಕಿಂತ ಮುಖ್ಯವಾದದ್ದು ರಿಮ್ಮಿನ ಅಗಲ. ಕಿರಿದಾದ ರಿಮ್ಮಿಗೆ ಅಗಲವಾದ ಟೈರು ಹಾಕಿದರೆ ಅದರ ಎರಡೂ ಅಂಚು ಒಳಕ್ಕೆ ಹಿಸುಕಿದಂತಾಗಿ ನಡುಭಾಗ ಉಬ್ಬುತ್ತದೆ. ಆಗ ನೆಲಕ್ಕೆ ತಾಗುವ ಭಾಗ ಹಿಗ್ಗುವ ಬದಲು ಕುಗ್ಗಲೂಬಹುದು. ಹಿಡಿತ ಹೆಚ್ಚಲೆಂದು ಹಣ ಕೊಟ್ಟು, ಇದ್ದ ಹಿಡಿತವನ್ನೂ ಕಳೆದುಕೊಂಡಂತೆ! ತಿರುವಿನಲ್ಲಿ ಬೈಕು ಮೊದಲಿನಷ್ಟು ಸಲೀಸಾಗಿ ವಾಲುವುದೂ ಇಲ್ಲ.

ಅಳತೆಯ ಪಕ್ಕದ ಅಕ್ಷರ

ಅಳತೆಯ ಮುಂದೆ 57P, 62P ಎಂಬಂಥ ಗುರುತೂ ಇರುತ್ತದೆ. 57 ಎಂದರೆ ಆ ಟೈರು 230 ಕಿಲೋ, 62 ಎಂದರೆ 265 ಕಿಲೋ ಭಾರ ಹೊರಬಲ್ಲದು. ಪಿ ಎಂದರೆ ಗಂಟೆಗೆ 150 ಕಿ.ಮೀ. ವೇಗದ ಮಿತಿ. ಅಗಲ ಹೆಚ್ಚಿದ್ದೂ ಭಾರದ ಸಂಖ್ಯೆ ಕಡಿಮೆಯಿರುವ ಟೈರು, ಇಬ್ಬರು ಕೂರುವ ಬೈಕಿಗೆ ಸಲ್ಲದು. ನಾಲ್ಕಂಕಿಯ ಇನ್ನೊಂದು ಗುರುತು ಹುಟ್ಟಿದ ದಿನ ಹೇಳುತ್ತದೆ: 2319 ಎಂದರೆ 2019ರ 23ನೇ ವಾರ. ಬಾಣದ ಗುರುತಿದ್ದರೆ ಚಕ್ರ ಆ ದಿಕ್ಕಿಗೇ ಉರುಳಬೇಕು.

ಅಂಗಡಿಗೆ ಹೋಗುವ ಮುನ್ನ ಅಪ್ಪ–ಮಕ್ಕಳು ಬೈಕಿನ ಪಕ್ಕ ಕುಳಿತು, ಎರಡೂ ಟೈರಿನ ಸಂಖ್ಯೆಗಳನ್ನು ಬರೆದುಕೊಳ್ಳಲಿ. ಅವನ್ನು ಬೈಕಿನ ಜೊತೆ ಬಂದ ಕೈಪಿಡಿಯಲ್ಲಿರುವ ಅಳತೆಯೊಂದಿಗೆ ಹೋಲಿಸಲಿ. ಹೊಸ ಟೈರಿನ ವ್ಯಾಸವನ್ನು ಮಗನೇ ಗುಣಿಸಿ ಹೇಳಲಿ. ರಿಮ್ಮಿಗೆ ಇದು ಒಪ್ಪುತ್ತದೆಯೇ ಎಂದು ಅಂಗಡಿಯವರನ್ನು ಅಪ್ಪ ಕೇಳಲಿ. ಲೆಕ್ಕ ಕೂಡಿಬಂದರೆ ಹಾಕಿಸಬಹುದು. ಕೂಡಿಬಾರದಿದ್ದರೆ ಬೇಡ ಎನ್ನುವ ಕಷ್ಟ ಅಪ್ಪನಿಗೆ ಇರುವುದಿಲ್ಲ. ಮಗನ ಕೈಯಲ್ಲಿರುವ ಕಾಗದವೇ ಅದನ್ನು ಹೇಳಿರುತ್ತದೆ.