ಮಳೆಗಾಲದ ಮಲ್ಪೆಯ ಲೆಕ್ಕ

ಮುಂಗಾರು ಹತ್ತಿರವಾದೊಡನೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ನಿಲ್ಲುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಸೀಳಿ ನಿಂತ ಕಲ್ಲುಕಂಬಗಳು ಅಲ್ಲಿಯೇ ಇರುತ್ತವೆ. ಊರಿನ ಪಾಲಿಗೆ ಮಾತ್ರ ಮಳೆ ಮುಗಿಯುವವರೆಗೆ ಇಲ್ಲ. ಪ್ರವಾಸಿ ತಾಣವೊಂದು ಕೈತಪ್ಪಿದರೆ ಸಂಪಾದನೆ ಏನಾಗುತ್ತದೆ ಎಂಬ ಪ್ರಯೋಗ ಇಲ್ಲಿ ವರ್ಷಕ್ಕೊಮ್ಮೆ ತಾನಾಗಿಯೇ ನಡೆಯುತ್ತದೆ.

ಪ್ರವಾಸಿಗರ ದುಡ್ಡು ಮಾಯವಾಗುವುದಿಲ್ಲ, ದಾರಿ ಬದಲಿಸುತ್ತದೆ. ಉಡುಪಿ ಮಠಕ್ಕೆ ಬಂದವರು ಕಡಲು ಬಿಟ್ಟು ಕಾರ್ಕಳದ ಗೊಮ್ಮಟನತ್ತ, ಹೆಬ್ರಿ ದಾಟಿ ಆಗುಂಬೆಯತ್ತ ತಿರುಗುತ್ತಾರೆ. ಜಿಲ್ಲೆಯ ಒಟ್ಟು ಲೆಕ್ಕದಲ್ಲಿ ಅಷ್ಟಾಗಿ ಕಾಣದ ನಷ್ಟ ಬೊಂಡ ಮಾರುವವರ, ಚರುಮುರಿ ಗಾಡಿಯವರ ಗಲ್ಲಾಪೆಟ್ಟಿಗೆಯಲ್ಲಿ ಕಾಣುತ್ತದೆ.

ಇನ್ನೊಂದು ದುಡಿಮೆ ಇದ್ದರೆ ಸಾಕಲ್ಲವೇ? ಸಾಲದು. ಮಲ್ಪೆಯ ಇನ್ನೊಂದು ದುಡಿಮೆ ಮೀನುಗಾರಿಕೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ಎರಡೂ ಒಟ್ಟಿಗೇ ನಿಲ್ಲುತ್ತವೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಹಸಂಬಂಧ ಎನ್ನುತ್ತಾರೆ: ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವ ಎರಡು ಆದಾಯ, ಅಪಾಯದ ಮಟ್ಟಿಗೆ ಒಂದೇ ಆದಾಯ. ಮಣಿಪಾಲ ಇದಕ್ಕೆ ತದ್ವಿರುದ್ಧ. 1953ರಲ್ಲಿ ಟಿ.ಎಂ.ಎ. ಪೈ ಸ್ಥಾಪಿಸಿದ ವೈದ್ಯಕೀಯ ಕಾಲೇಜಿನ ಬೆನ್ನಿಗೆ ಬೆಳೆದ ಆ ಊರಲ್ಲಿ ಮಳೆ ಎಷ್ಟೇ ಸುರಿದರೂ ಹಾಸ್ಟೆಲು, ಮೆಸ್ಸು, ಆಸ್ಪತ್ರೆ ನಡೆಯುತ್ತಲೇ ಇರುತ್ತವೆ.

ಜೋಗದ್ದು ಇನ್ನೂ ವಿಚಿತ್ರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಶರಾವತಿಯ ನೀರು ಟರ್ಬೈನಿನ ಪಾಲಾಗಿ, 253 ಮೀಟರ್ ಜಲಪಾತ ಹೆಚ್ಚುಕಡಿಮೆ ಮಳೆಗಾಲದ್ದಾಯಿತು. ಆದರೆ ಅದನ್ನು ಕಸಿದ ಯೋಜನೆಯೇ ವಿದ್ಯುದಾಗಾರದ ಹನ್ನೆರಡು ತಿಂಗಳ ಸಂಬಳವನ್ನೂ ತಂದಿತು. (ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರ ಲೆಕ್ಕ ಬೇರೆ, ಅದು ಇನ್ನೂ ಚುಕ್ತಾ ಆಗಿಲ್ಲ.)

ಕಡಲ ದಡ ಹೋದರೆ ಅಂಥ ಬದಲಿ ಇಲ್ಲ. ಮಳೆಗಾಲದ ಕಡಿದಾದ ಅಲೆಗಳು ಮರಳನ್ನು ಎಳೆದೊಯ್ದು ನೀರಿನಡಿ ದಿಬ್ಬವಾಗಿ ಇಡುತ್ತವೆ. ಅಕ್ಟೋಬರ್ ನಂತರದ ಸೌಮ್ಯ ಅಲೆಗಳು ಅದನ್ನೇ ತಂದು ಹಾಸುತ್ತವೆ. ಕಂತು ತಪ್ಪದ ಸಾಲವಿದು. ಕಡಲ್ಕೊರೆತ ತಡೆಯಲು ಬಂಡೆ ಸುರಿದಲ್ಲಿ, ಅಲೆ ಬಡಿದು ಹಿಮ್ಮೆಟ್ಟುವಾಗ ಬುಡದ ಮರಳನ್ನು ಕೆದಕುತ್ತದೆ. ಹಿಂದಿನ ತೆಂಗಿನ ತೋಟ, ರಸ್ತೆ ಉಳಿದಾವು; ಮುಂದಿನ ದಡ ಉಳಿಯುವುದು ಕಷ್ಟ. ಅಂದಾಜುಪಟ್ಟಿಯಲ್ಲಿ ಬಂಡೆಗೆ ದರವಿದೆ, ಮರಳಿಗೂ ಒಂದು ದರ ಬರೆಯಬೇಕಿತ್ತು.

ಕಾಪುವಿನ 1901ರ ದೀಪಸ್ತಂಭಕ್ಕೆ ಬಂಡೆಯ ಆಸರೆಯಿದೆ, ಮಾರಿಗುಡಿಗೆ ಭಕ್ತರು ಹೇಗೂ ಬರುತ್ತಾರೆ. ಆದರೆ ದೀಪಸ್ತಂಭ ಹತ್ತಲು ಬಂದವರು ಇಳಿದು ಹೊರಟುಬಿಡುತ್ತಾರೆ. ಕತ್ತಲಾಗುವವರೆಗೆ ಕೂರಲು ಮರಳು ಬೇಕು, ಅವರು ಕೂತಷ್ಟು ಹೊತ್ತೇ ದಡದ ಅಂಗಡಿಗಳಿಗೆ ವ್ಯಾಪಾರ.